ನಾರಾಯಣಮ್ಮನ ಕಾಗೆ ಬಂದೂಕು

ಕದಿರೇನಹಳ್ಳಿಯಲ್ಲಿ ನಾರಾಯಣಮ್ಮನ ಬಾಯಿಗೆ ಹೆದರದವರಿರಲಿಲ್ಲ. ಕಾಗೆಗಳು ಮಾತ್ರ ಹೆದರುತ್ತಿರಲಿಲ್ಲ.

ಸುತ್ತಲೂ ಬನಶಂಕರಿ ಎರಡನೇ ಹಂತದ ಸೈಟುಗಳೆದ್ದು, ರಾಗಿ ಹೊಲಗಳೆಲ್ಲ ಕ್ರಾಸು ಮೈನು ರಸ್ತೆಗಳಾದ ಮೇಲೂ ಊರೊಳಗಿನ ಹಳೇ ಮನೆಗಳು ಹಾಗೇ ಒತ್ತಿಕೊಂಡು ನಿಂತಿದ್ದವು. ನಾರಾಯಣಮ್ಮ ಬೇಗೂರಿನಿಂದ ಹದಿನೈದನೇ ವಯಸ್ಸಿಗೆ ಆ ಮನೆಗಳಲ್ಲೊಂದಕ್ಕೆ ಸೊಸೆಯಾಗಿ ಬಂದವಳು. ಗಂಡ ಪಿಳ್ಳಪ್ಪ ಮೆತ್ತಗಿನ ಮನುಷ್ಯ. ಜಮೀನು ಲೇಔಟಿಗೆ ಹೋದಾಗಲೂ ಒಂದು ಮಾತಾಡಲಿಲ್ಲ, ಬಂದ ಪರಿಹಾರವನ್ನು ತಮ್ಮ ರಾಮಯ್ಯ ಹಂಚಿದಂತೆ ಹಂಚಿಸಿಕೊಂಡ. ತೊಂಬತ್ತಮೂರರಲ್ಲಿ ಕಾಮಾಲೆ ಬಂದು ಹದಿನೆಂಟೇ ದಿನಕ್ಕೆ ಹೋಗಿಬಿಟ್ಟ. ಇದ್ದದ್ದು ಒಬ್ಬಳೇ ಮಗಳು, ಅವಳನ್ನು ಹೊಸಕೆರೆಹಳ್ಳಿಗೆ ಕೊಟ್ಟಾಗಿತ್ತು.

ಪಿಳ್ಳಪ್ಪನ ತಿಥಿ ಮುಗಿದು ವಾರವಾಗಿರಲಿಲ್ಲ, ರಾಮಯ್ಯ ಭಾಗದ ಮಾತು ತೆಗೆದ. ಗಂಡುಮಕ್ಕಳಿಲ್ಲದವಳಿಗೆ ಅಷ್ಟು ದೊಡ್ಡ ಹಿತ್ತಲು ಯಾತಕ್ಕೆ ಎನ್ನುವುದು ಅವನ ವಾದ. ಅಲ್ಲಿ ನಾಲ್ಕು ರೂಮು ಕಟ್ಟಿ ಬಾಡಿಗೆಗೆ ಬಿಡುವುದು ಅವನ ಆಸೆ. ಊರ ಯಜಮಾನ ಭೀಮಪ್ಪ ಜಗಲಿಯ ಮೇಲೆ ಕೂತು ತೀರ್ಮಾನ ಹೇಳಿದ: ಮುಂದಿನ ದೊಡ್ಡ ಮನೆ ರಾಮಯ್ಯನಿಗೆ, ಹಿಂದಿನ ಎರಡು ಕೋಣೆ ನಾರಾಯಣಮ್ಮನಿಗೆ. ಹಿತ್ತಲಿನಲ್ಲಿ ಅವಳು ಕೋಳಿ ಕುರಿ ಸಾಕಿ ಜೀವನ ಮಾಡುತ್ತಿರುವಷ್ಟು ದಿನ ಹಿತ್ತಲು ಅವಳದು. ಸಾಕಣೆ ನಿಂತ ದಿನ ರಾಮಯ್ಯನದು.

ಆವತ್ತಿನಿಂದ ಆ ಹಿತ್ತಲಿನಲ್ಲಿ ಕೋಳಿ ಕೂಗದ ದಿನವಿಲ್ಲ. ನಾಟಿ ಕೋಳಿ, ನಾಟಿ ಮೊಟ್ಟೆಯೆಂದರೆ ಲೇಔಟಿನ ಜನ ಕಾರಿನಲ್ಲಿ ಬಂದು ಒಯ್ಯುತ್ತಿದ್ದರು. ಯುಗಾದಿ ಮಾರನೆಯ ಹೊಸತೊಡಕಿಗೆ, ಹಿರಿಯರ ಹಬ್ಬಕ್ಕೆ ಅವಳ ಹುಂಜಗಳಿಗೆ ತಿಂಗಳ ಮೊದಲೇ ಹೆಸರು ಬರೆದಿರುತ್ತಿತ್ತು. ಅವಳು ಯಾರ ಮನೆಯ ಮುಸುರೆಯನ್ನೂ ತಿಕ್ಕಲಿಲ್ಲ, ಮೈದುನನ ಮುಂದೆ ಸೆರಗೊಡ್ಡಲೂ ಇಲ್ಲ. ಇದು ರಾಮಯ್ಯನ ಹೊಟ್ಟೆಯಲ್ಲಿ ಬೆಂಕಿಯಾಗಿ ಉರಿಯುತ್ತಿತ್ತು.

"ಕೋಳಿ ಗೊಬ್ಬರದ ವಾಸನೆಗೆ ನಮ್ಮ ಮುಂದಿನ ರೂಮಿನ ಬಾಡಿಗೆಯವರು ನಿಲ್ತಿಲ್ಲ, ಅತ್ತಿಗೆ" ಎನ್ನುತ್ತಿದ್ದ ಗೋಡೆಯಾಚೆಯಿಂದ.

"ವಾಸನೆ ಬಂದ್ರೆ ಮೂಗು ಮುಚ್ಕೊಳ್ಲಿ. ನಿನ್ನ ಬಾಯಿ ವಾಸನೆ ತಡ್ಕೊಂಡು ನಾವಿಲ್ವಾ?" ಎನ್ನುತ್ತಿದ್ದಳು ಇವಳು ಈಚೆಯಿಂದ.

ತೊಂಬತ್ತೆಂಟರ ಆಷಾಢದಲ್ಲಿ ಕಾಗೆಗಳು ಶುರುವಾದವು. ಕಾಗೆ ಮೊದಲೂ ಇದ್ದವು, ವರ್ಷಕ್ಕೆ ಒಂದೆರಡು ಮರಿ ಕಚ್ಚಿಕೊಂಡು ಹೋಗುವುದೂ ಇತ್ತು. ಈಗ ಹಾಗಲ್ಲ. ಬೆಳಗಾದರೆ ನಡುಗೋಡೆಯ ಮೇಲೆ ಹತ್ತು ಹದಿನೈದು ಕಾಗೆ ಸಾಲಾಗಿ ಕೂತಿರುತ್ತಿದ್ದವು, ನ್ಯಾಯಬೆಲೆ ಅಂಗಡಿಯ ಮುಂದೆ ಜನ ಕೂತ ಹಾಗೆ. ಶ್ರಾವಣದಲ್ಲಿ ಊರವರು ಮಾಂಸ ಬಿಟ್ಟಿರುವುದರಿಂದ ಅವಳು ಹೇಟೆ ಕೋಳಿಗಳನ್ನು ಕಾವಿಗೆ ಕೂರಿಸುತ್ತಿದ್ದಳು. ಮೂರು ಹೇಟೆ ಒಟ್ಟು ಮೂವತ್ತೊಂದು ಮರಿ ಮಾಡಿದವು. ಗೌರಿ ಹಬ್ಬದ ಹೊತ್ತಿಗೆ ಉಳಿದದ್ದು ಹದಿನಾಲ್ಕು. ಮಂಕರಿ ಬುಟ್ಟಿಯ ಕೆಳಗೆ ಮುಚ್ಚಿಟ್ಟರೆ ಮರಿಗಳು ಮಂಕಾಗಿ ಸಾಯುತ್ತಿದ್ದವು, ಬಿಟ್ಟರೆ ಕಾಗೆಯ ಪಾಲು. ತಾಯಿಕೋಳಿ ರೆಕ್ಕೆ ಕೆದರಿ ಒಂದರ ಮೇಲೆ ಹಾರಿದರೆ ಇನ್ನೊಂದು ಹಿಂದಿನಿಂದ ಬಂದು ಎತ್ತುತ್ತಿತ್ತು.

ಗೋಡೆಯಾಚೆ ರಾಮಯ್ಯ ಹಲ್ಲು ಕಡ್ಡಿ ಆಡಿಸುತ್ತ ನಿಂತಿರುತ್ತಿದ್ದ. "ಈ ವರ್ಷಕ್ಕೆ ಮುಗೀತು ಅನ್ಸುತ್ತೆ ಅತ್ತಿಗೆ ನಿಮ್ಮ ಫಾರಂ. ಮೇಸ್ತ್ರಿಗೆ ಹೇಳ್ಲಾ?"

"ಹೇಳು. ನಿನ್ನ ಗೋರಿ ಅಳತೇನೂ ಕೊಟ್ಟು ಬಾ."

ಬಾಯಿ ಅಷ್ಟು ಜೋರಿದ್ದರೂ ಒಳಗೆ ಅವಳು ಲೆಕ್ಕ ಹಾಕಿದ್ದಳು. ಮರಿ ಇಲ್ಲದಿದ್ದರೆ ಬರುವ ಯುಗಾದಿಗೆ ಹುಂಜವಿಲ್ಲ, ಆಮೇಲೆ ಇರುವ ಮುದಿ ಹೇಟೆಗಳೂ ಮುಗಿದರೆ ಹಿತ್ತಲು ಹೋದಂತೆಯೇ. ಕಲ್ಲು ಬೀರಿದಳು, ಕವಣೆ ಬೀಸಿದಳು, ಡಬ್ಬ ಬಡಿದಳು. ಕಾಗೆಗಳು ಒಂದು ಗೇಣು ಹಾರಿ ಮತ್ತೆ ಕೂರುತ್ತಿದ್ದವು.

ಎದುರು ಮನೆಯ ಶೀಟಿನ ರೂಮಿನಲ್ಲಿ ಹೊಳೆಪ್ಪ ಎಂಬ ಸಿಂದಗಿ ಕಡೆಯ ಮನುಷ್ಯ ಬಾಡಿಗೆಗಿದ್ದ. ಹದಿನೆಂಟು ವರ್ಷ ಮಿಲಿಟರಿಯಲ್ಲಿದ್ದು ಬಂದು, ಈಗ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ಕೂರುತ್ತಿದ್ದ. ಮೊಟ್ಟೆಗೆ ಬಂದವನು ಇವಳ ಕವಣೆ ನೋಡಿ ನಕ್ಕ.

"ಅಕ್ಕಾರ, ಬೀಸಿ ಬೀಸಿ ನಿಮ್ಮ ತೋಳ ಹೋದಾವು. ಕಾಗಿ ಒಂದೂ ಬೀಳಂಗಿಲ್ಲ."

"ಹಂಗಾದ್ರೆ ನಿನ್ನ ಬ್ಯಾಂಕಿನ ಬಂದೂಕು ಒಂದಿನ ಕೊಡು."

"ಚಲೋ ಆತು! ಅದನ್ನ ಹೊಡದ್ರ ಕಾಗಿನೂ ಉಳಿಯಂಗಿಲ್ಲ, ಕಾಗಿ ಕುಂತ ಗ್ವಾಡಿನೂ ಉಳಿಯಂಗಿಲ್ಲ, ನನ್ನ ನೌಕರಿನೂ ಉಳಿಯಂಗಿಲ್ಲ. ನೀವು ಗಾಳಿ ಬಂದೂಕ ತಗೋರಿ. ಅದಕ್ಕ ಲೈಸನ್ಸ್ ಬ್ಯಾಡ."

ಹೊಸತೊಡಕಿನ ಹುಂಜಗಳ ದುಡ್ಡು ಅಕ್ಕಿ ಡಬ್ಬದಲ್ಲಿತ್ತು. ಮಗಳ ಬಾಣಂತನಕ್ಕೆಂದು ಇಟ್ಟದ್ದು. ಅದನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಳೆಪ್ಪನ ರಜದ ದಿನ ಅವನ ಜೊತೆ ಬಸ್ಸು ಹತ್ತಿದಳು.

ಕಂಟೋನ್ಮೆಂಟಿನ ಕಡೆ ಆ ಅಂಗಡಿ. ಗಾಜಿನ ಬೀರುವಿನಲ್ಲಿ ಬಂದೂಕುಗಳನ್ನು ಸೀರೆಯಂಗಡಿಯಲ್ಲಿ ಸೀರೆ ಜೋಡಿಸಿದಂತೆ ಜೋಡಿಸಿದ್ದರು. ಕನ್ನಡಕದ ಮುದುಕ ಮಾಲೀಕ ಹೊಳೆಪ್ಪನ ಕಡೆ ನೋಡಿ "ಹೇಳಿ ಸಾರ್" ಎಂದ.

"ನನ್ನ ಕೇಳು. ತಗೊಳ್ಳೋಳು ನಾನು" ಎಂದಳು ನಾರಾಯಣಮ್ಮ.

"ಏನು ಹೊಡೀಬೇಕಮ್ಮ?"

"ಕಾಗೆ."

"ಎಷ್ಟು ದೂರದಿಂದ?"

"ಕೋಳಿಗೂಡಿಂದ ಗೋಡೆ ತನಕ."

ಹೊಳೆಪ್ಪ ನಡುವೆ ಬಂದು, "ಹದಿನೈದು ಇಪ್ಪತ್ತು ಗಜ ಹಿಡೀರಿ" ಎಂದ.

ಮುದುಕ ಮೊದಲು ಒಂದು ಸಣ್ಣ ರೈಫಲ್ಲು ತೆಗೆದು ಮೇಜಿನ ಮೇಲಿಟ್ಟ. ಪಾಯಿಂಟ್ ಟೂ ಟೂ ಅಂತ ಹೇಳಿದ. ಕಪ್ಪು ನಳಿಗೆ, ಎಣ್ಣೆ ಹಚ್ಚಿದಂಥ ಮರ. ಇದರ ಮುಂದೆ ಕಾಗೆ ಏನು, ಹಂದಿಯೂ ನಿಲ್ಲುವುದಿಲ್ಲವೆಂದ. ಕಮಿಷನರ್ ಆಫೀಸಿನಿಂದ ಲೈಸೆನ್ಸ್ ಮಾಡಿಸಬೇಕು, ಅಷ್ಟೇ. ಹೊಳೆಪ್ಪ ಅದನ್ನು ಎತ್ತಿ ಕೆನ್ನೆಗೆ ಹಚ್ಚಿ ಆಸೆಯಿಂದ ನೋಡಿ, ವಾಪಸಿಟ್ಟ.

"ಮಾಲು ಚಲೋ ಐತಿ, ನಿಮಗಲ್ಲ ಅಕ್ಕಾರ. ಇದರ ಗುಂಡು ಕಾಗಿಗೆ ತಾಕಲಿಲ್ಲಂದ್ರ ಅರ್ಧ ಮೈಲಿ ಆಚೆ ಹೋಗಿ ಯಾರದರ ಮನ್ಯಾಗ ಬೀಳ್ತದ. ಬಂದೂಕ ತಗೊಳ್ಳುವಾಗ ಮೊದಲ ನೋಡೋದು ಅದನ್ನ, ಗುರಿ ತಪ್ಪಿದ ಗುಂಡು ಎಲ್ಲಿ ಹೋಗ್ತದ ಅಂತ. ಆ ಗ್ವಾಡಿ ಆಚೆ ಯಾರ ಮನಿ?"

"ನಮ್ಮ ಮೈದುನಂದು."

ನಾರಾಯಣಮ್ಮ ಆ ರೈಫಲ್ಲಿನ ನಳಿಗೆಯನ್ನು ಬೆರಳಿನಿಂದ ಸವರಿದಳು. "ಲೈಸೆನ್ಸು ಎಷ್ಟು ದಿನಕ್ಕೆ ಕೊಡ್ತಾರೆ?" ಎಂದಳು.

"ಅಕ್ಕಾರ!" ಎಂದ ಹೊಳೆಪ್ಪ.

ಮುದುಕ ನಗುತ್ತ ಅದನ್ನು ಒಳಗಿಟ್ಟು ಎರಡು ಏರ್‌ಗನ್ನು ತಂದ. ಎರಡೂ ಕತ್ತು ಮುರಿದು ಗುಂಡು ತುಂಬುವಂಥವು. ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ, ಹೆಸರುಕಾಳಿನಷ್ಟು ಸೀಸದ ಗುಂಡು ಇಟ್ಟು ನೆಟ್ಟಗೆ ಮಾಡಿ ಕುದುರೆ ಎಳೆದರೆ ಗಾಳಿಯೇ ಗುಂಡನ್ನು ದೂಡುತ್ತದೆ. ಒಂದು ಹೊಳೆಯುವ ಪಾಲಿಶ್ಶಿನದು, ಮೇಲೆ ದುರ್ಬೀನು ಕೂರಿಸಿದ್ದರು, ಬೆಲೆ ಜಾಸ್ತಿ. ಇನ್ನೊಂದು ಬರೀ ಮರ, ಬರೀ ಕಬ್ಬಿಣ. ಮುದುಕ ದುರ್ಬೀನಿನದನ್ನೇ ಹೊಗಳಿದ. ಹಗುರ, ಹೆಂಗಸರ ಕೈಗೆ ಹೇಳಿ ಮಾಡಿಸಿದ್ದು ಎಂದ.

ಹೊಳೆಪ್ಪ ನಳಿಗೆ ಮುರಿಯುವ ಜಾಗವನ್ನು ಹಿಡಿದು ಅತ್ತಿತ್ತ ಆಡಿಸಿದ. ಹೊಳೆಯುವುದು ಸಡಿಲವಾಗಿ ಕಟಕಟ ಎಂದಿತು. "ಇಲ್ಲಿ ಆಟ ಇತ್ತಂದ್ರ ದಿನಕ್ಕೊಂದು ಕಡೆ ಹೊಡೀತದ. ಮ್ಯಾಲ ದುರ್ಬೀನ ಅಲ್ಲ, ದೇವರನ್ನ ಕೂರಿಸಿದ್ರೂ ಗುರಿ ನಿಲ್ಲಂಗಿಲ್ಲ."

ಇನ್ನೊಂದು ಅಲುಗಲಿಲ್ಲ. ನಾರಾಯಣಮ್ಮ ಅದನ್ನೆತ್ತಿ, ಒನಕೆಯನ್ನು ತೂಗಿ ನೋಡುವಂತೆ ನಡುವೆ ಹಿಡಿದು ತೂಗಿದಳು. "ಇದೇ ಆಗಲಿ."

"ಅದು ಗಂಡಸರಿಗೇ ಬಗ್ಗಲ್ಲಮ್ಮ, ಸ್ಪ್ರಿಂಗು ಗಟ್ಟಿ."

ಅವಳು ಬಂದೂಕಿನ ಹಿಂದುಗಡೆಯನ್ನು ತೊಡೆಗೊತ್ತಿ, ನಳಿಗೆ ಹಿಡಿದು, ಕೋಳಿಯ ಕತ್ತು ಮುರಿಯುವಂತೆ ಒಂದೇ ಎಳೆತಕ್ಕೆ ಬಗ್ಗಿಸಿದಳು.

"ಗಂಡಸರು ಮುದ್ದೆ ನುಂಗೋರು. ತಿರುವೋರು ನಾವು. ಗುಂಡು ಕೊಡು."

ಗುಂಡಿನಲ್ಲೂ ಎರಡು ಥರ ಇದ್ದವು. ತಲೆ ಚಪ್ಪಟೆಯವು ರಟ್ಟಿನ ಗುರಿಗೆ, ತಲೆ ಉರುಟಿನವು ಹಕ್ಕಿಗೆ ಎಂದ ಹೊಳೆಪ್ಪ. ಉರುಟಿನದೊಂದು ಡಬ್ಬಿ ತೆಗೆದುಕೊಂಡರು. ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದರೆ ಕಂಡಕ್ಟರು, "ಏನಕ್ಕಾ ಅದು, ಒನಕೆನಾ? ಲಗೇಜ್ ಹಾಕ್ಬೇಕಾಗುತ್ತೆ" ಎಂದ. "ಹಾಕು. ಹಾಕಿ ದೂರ ನಿಂತ್ಕೋ" ಎಂದಳು.

ಹಿತ್ತಲಿನ ಮೂಲೆಯ ಗೊಬ್ಬರದ ಗುಡ್ಡೆಯ ಮುಂದೆ ಡಾಲ್ಡಾ ಡಬ್ಬ ನಿಲ್ಲಿಸಿ ಹೊಳೆಪ್ಪ ಗುರಿ ಕಲಿಸಿದ. ಎಂಟೇ ದಿನಕ್ಕೆ ಡಬ್ಬ ಜರಡಿಯಾಯಿತು. ಗೋಡೆಯಾಚೆ ರಾಮಯ್ಯ ಊರಿಗೆ ಕೇಳುವಂತೆ, "ಗಂಡ ಹೋದ ಮೇಲೆ ನಮ್ಮ ಅತ್ತಿಗೆ ಗನ್‌ಮ್ಯಾನ್ ಆದ್ರಪ್ಪಾ, ಸೆಲ್ಯೂಟ್ ಹೊಡೀರೋ!" ಎಂದು ನಕ್ಕ. ನಾರಾಯಣಮ್ಮ ಇನ್ನೊಂದು ಗುಂಡು ಡಬ್ಬಕ್ಕೆ ಬಿಟ್ಟಳು. ಟಣ್ಣೆಂದಿತು. ನಗು ನಿಂತಿತು.

ಕಾಗೆ ಹೊಡೆಯುವುದು ಡಬ್ಬ ಹೊಡೆದಂತಲ್ಲ. ಬರಿಗೈಲಿ ಹೊರಗೆ ಬಂದರೆ ಅವು ಅಲುಗುತ್ತಿರಲಿಲ್ಲ, ಪೊರಕೆ ಹಿಡಿದು ಬಂದರೂ ಅಲುಗುತ್ತಿರಲಿಲ್ಲ. ಬಂದೂಕಿನ ತುದಿ ಬಾಗಿಲು ದಾಟಿದರೆ ಸಾಕು, ಗೋಡೆ ಖಾಲಿ. ಹೀಗೇ ಇನ್ನೂ ಐದು ಮರಿ ಹೋದವು. ಕಡೆಗೆ ಅವಳು ಬಂದೂಕನ್ನು ತೋಳಿಗೆ ಆನಿಸಿ, ಮೇಲೆ ಮೊರ ಮುಚ್ಚಿ, ರಾಗಿ ಕೇರುವವಳಂತೆ ಕೋಳಿಗೂಡಿನ ಪಕ್ಕ ಕೂತಳು. ಎರಡು ಬೆಳಿಗ್ಗೆ ಹಾಗೇ ಕೂತು ಎದ್ದಳು. ಮೂರನೆಯ ಬೆಳಿಗ್ಗೆ ಎಲ್ಲಕ್ಕಿಂತ ದಪ್ಪನೆಯದು ಗೋಡೆಯಿಂದ ಇಳಿದು ಗೂಡಿನ ಮೇಲೆ ಕೂತು ಮರಿಗಳ ಕಡೆ ತಲೆ ವಾಲಿಸಿತು. ಮೊರ ಜಾರಿತು, ಟಪ್ಪೆಂದಿತು. ಕಾಗೆ ಅಲ್ಲೇ ಮಗುಚಿತು.

ಬೇಗೂರಿನಲ್ಲಿ ಅವಳಪ್ಪ ಕಡಲೆಕಾಯಿ ಹೊಲದಲ್ಲಿ ಮಾಡುತ್ತಿದ್ದುದನ್ನೇ ಅವಳೂ ಮಾಡಿದಳು. ಸತ್ತ ಕಾಗೆಯನ್ನು ಕಾಲಿಗೆ ದಾರ ಕಟ್ಟಿ, ಬಿದಿರು ಗಳುವಿನ ತುದಿಗೆ ನೇತುಹಾಕಿ ಹಿತ್ತಲ ನಡುವೆ ನೆಟ್ಟಳು.

ಊರಿನ ಕಾಗೆಯೆಲ್ಲ ಬಂದು ಆ ಗಳುವಿನ ಸುತ್ತ ಎರಡು ದಿನ ಅರಚಿದವು. ಅವಳು ತಲೆ ಹೊರಗೆ ಹಾಕಿದರೆ ಮೇಲೆರಗಿ ಕುಕ್ಕುತ್ತಿದ್ದವು. ತಲೆಗೆ ಬಾಂಡಲಿ ಕವುಚಿಕೊಂಡು ನೀರು ತಂದಳು. ಮೂರನೆಯ ದಿನ ಎದ್ದರೆ ಒಂದು ಕಾಗೆಯಿಲ್ಲ. ಗೋಡೆಯ ಮೇಲಿಲ್ಲ, ಕರೆಂಟು ಕಂಬದ ಮೇಲಿಲ್ಲ, ಅರಳಿಮರದಲ್ಲೂ ಇಲ್ಲ. ಉಳಿದ ಒಂಬತ್ತು ಮರಿ ಹಿತ್ತಲು ತುಂಬ ಓಡಾಡಿದವು. ನಾರಾಯಣಮ್ಮ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

ರಾಮಯ್ಯನ ಹೆಂಡತಿ ಮಂಗಮ್ಮ ಒಬ್ಬಳು ಗೋಡೆಯ ಸಂದಿಯಿಂದ ಪಿಸುಗುಟ್ಟಿದಳು. "ಅಕ್ಕಾ, ಪಿತೃಪಕ್ಷದಲ್ಲಿ ಕಾಗೆ ಹೊಡೆದ್ರಲ್ಲ."

"ಪಕ್ಷ ಅಂತ ಅದಕ್ಕೆ ಗೊತ್ತಿತ್ತಾ, ನನ್ನ ಮರಿ ಎತ್ಕೊಂಡು ಹೋಗುವಾಗ?"

ಹಾಗೆಂದಳು. ಆದರೆ ಮಹಾಲಯ ಅಮಾವಾಸ್ಯೆಗೆ ಇನ್ನು ಎರಡೇ ದಿನ ಎಂಬುದು ಅವಳಿಗೆ ಆಗಲೇ ನೆನಪಾದದ್ದು.

ಹಿರಿಯರ ಹಬ್ಬದ ದಿನ ಸತ್ತವರಿಗೆ ಎಡೆ ಇಟ್ಟು, ಅದರಲ್ಲೊಂದು ಪಾಲನ್ನು ಎಲೆಯಲ್ಲಿ ಮಾಳಿಗೆಯ ಮೇಲಿಟ್ಟು, ಕಾಗೆ ಮುಟ್ಟಿದ ಮೇಲೆಯೇ ಮನೆಯವರು ಬಾಯಿಗೆ ಅನ್ನವಿಡುವುದು. ಪಿಳ್ಳಪ್ಪನ ಫೋಟೋ ರಾಮಯ್ಯನ ಹಜಾರದಲ್ಲಿತ್ತು. ಎಷ್ಟೇ ಜಗಳವಿದ್ದರೂ ಆ ದಿನ ನಾರಾಯಣಮ್ಮ ಅಲ್ಲಿಗೆ ಹೋಗಿ, ತನ್ನದೇ ಹುಂಜ ಕುಯ್ದು ಸಾರು ಮಾಡಿ, ಗಂಡನಿಗೆ ಮುದ್ದೆ, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ ಇಡುತ್ತಿದ್ದಳು. ಈ ವರ್ಷವೂ ಇಟ್ಟಳು. ಹನ್ನೆರಡು ಗಂಟೆಗೆ ರಾಮಯ್ಯ ಮಾಳಿಗೆಗೆ ಹೋಗಿ ಎಲೆಯಿಟ್ಟು ಕಾಕಾ ಎಂದು ಕರೆದ. ಆಕಾಶ ತೊಳೆದಿಟ್ಟಂತಿತ್ತು.

ಎಲ್ಲ ಮಾಳಿಗೆಯ ಮೇಲೂ ಒಬ್ಬೊಬ್ಬ ಗಂಡಸು ನಿಂತು ಕರೆಯುತ್ತಿದ್ದ. ಒಂದು ಗಂಟೆಯಾಯಿತು, ಎರಡಾಯಿತು. ಮಕ್ಕಳು ಅಳಲು ಶುರುಮಾಡಿದವು. ಎರಡೂವರೆಗೆ ಜನ ಮಾಳಿಗೆಗಳಿಂದ ಇಳಿದು ನೇರ ರಾಮಯ್ಯನ ಅಂಗಳಕ್ಕೆ ಬಂದರು.

"ಎಲ್ಲಮ್ಮಾ ನಿನ್ನ ಬಂದೂಕು? ನಮ್ಮಪ್ಪನ್ನ ಹೊಡ್ದು ಗಳುವಿಗೆ ಕಟ್ಟಿದೀಯಲ್ಲಾ!"

"ನಿಮ್ಮಪ್ಪ ನನ್ನ ಕೋಳಿಮರಿ ಕದಿಯೋಕೆ ಬರ್ತಿದ್ನಾ? ಬದುಕಿದ್ದಾಗಲೂ ಅದೇ ಬುದ್ಧಿ ಅವನದು."

ಯಾರೋ ನಕ್ಕರು, ಬಹಳ ಜನ ಬೈದರು. ಯಜಮಾನ ಭೀಮಪ್ಪ ಕೋಲೂರಿಕೊಂಡು ಬಂದ. ಅವನಿಗೂ ಹಸಿವು, ಮುಖ ಬಿಗಿದಿತ್ತು. ರಾಮಯ್ಯ ಇದಕ್ಕೇ ಕಾದವನಂತೆ ಎದ್ದು ನಿಂತ.

"ನೋಡಿ ಯಜಮಾನ್ರೇ, ಇಡೀ ಊರಿನ ಹಿರಿಯರು ಹಸ್ಕೊಂಡು ಹೋಗ್ತಿದ್ದಾರೆ. ಇವಳ ಕೋಳಿಯಿಂದ ಅಲ್ವಾ ಇದೆಲ್ಲ? ಸಂಜೆಯೊಳಗೆ ಕೋಳಿ ಖಾಲಿಯಾಗ್ಬೇಕು, ಹಿತ್ತಲು ನನಗೆ ಬಿಡ್ಬೇಕು. ಇಲ್ಲಾಂದ್ರೆ ನಾನೇ ಗೂಡು ಕಿತ್ತು ಬಿಸಾಕ್ತೀನಿ."

"ಬಾ, ಕೀಳು. ಗೂಡಿನ ಮೇಲೆ ಕೂತಿದ್ದ ದಪ್ಪ ಕಾಗೆಗೆ ಏನಾಯ್ತು ಅಂತ ನೋಡಿದೀಯಲ್ಲ" ಎಂದಳು ನಾರಾಯಣಮ್ಮ. ಭೀಮಪ್ಪ ಅವಳ ಮುಖ ನೋಡುತ್ತಿರಲಿಲ್ಲ. ನೆಲ ನೋಡುತ್ತ, "ಊರನ್ನೇ ಉಪವಾಸ ಕೆಡವಿದೀಯಲ್ಲಮ್ಮ. ಈಗ ನಾನೇನು ಮಾಡ್ಲಿ?" ಎಂದ. ಆ ದನಿ ಕೇಳಿಯೇ ಹಿತ್ತಲು ಹೋಯಿತೆಂದು ಅವಳಿಗೆ ತಿಳಿಯಿತು.

ಮಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿ ಮೂರು ಗಂಟೆಯವರೆಗೆ ಹಸಿದಿದ್ದಳು. ಕೈಕಾಲು ನಡುಗಿ ಬೆವರಿಳಿಯುತ್ತಿತ್ತು. ಇದ್ದಕ್ಕಿದ್ದಂತೆ ಗಂಡನ ಮೇಲೆ ಕಿರುಚಿದಳು.

"ಪಂಚಾಯ್ತಿ ಆಮೇಲೆ ಮಾಡ್ರೀ! ದಿನಾ ಗೋಡೆ ಮೇಲೆ ಮೀನಿನ ಕರುಳು ಹಾಕ್ತಿದ್ರಲ್ಲ, ಅದನ್ನೇ ತಂದು ಹಾಕಿ, ಬರ್ತವೆ! ಎರಡು ತಿಂಗಳಿಂದ ಕರೆದು ಕರೆದು ರೂಢಿ ಮಾಡ್ಸಿಲ್ವಾ?"

ಭೀಮಪ್ಪ ತಲೆಯೆತ್ತಿದ.

"ಏನು ಕರುಳು?" ಎಂದ ಭೀಮಪ್ಪ.

"ಇವಳಿಗೆ ತಲೆ ತಿರುಗ್ತಿದೆ, ಏನೋ ಅಂತಾಳೆ. ನಾಯಿಗೆ ಹಾಕ್ತಿದ್ದೆ" ಎಂದ ರಾಮಯ್ಯ.

"ನಾಯಿ ಗೋಡೆ ಹತ್ತುತ್ತಾ?" ಎಂದಿತು ಹಿಂದಿನಿಂದ ಒಂದು ದನಿ.

"ಶ್ರಾವಣದಲ್ಲಿ ಮನೇಲಿ ಯಾರೂ ಮೀನು ಮುಟ್ಟಲ್ಲ" ಎಂದು ಅಳುತ್ತ ಹೇಳಿದಳು ಮಂಗಮ್ಮ. "ಆದ್ರೂ ಮಾರ್ಕೆಟ್ಟಿಂದ ಕವರ್‌ನಲ್ಲಿ ತಂದು ಹಾಕಿದ್ರಿ. ವಾಸನೆ ತಡೀಲಾರ್ದೆ ನಾನು ಗೋಡೆ ತೊಳೆದಿದೀನಿ. ನನಗೆ ಒಂದು ತುತ್ತು ಅನ್ನ ಕೊಡ್ರೀ."

ನಾರಾಯಣಮ್ಮ ಒಳಗೆ ಹೋಗಿ ಬೆಲ್ಲದ ಉಂಡೆ ತಂದು ಮಂಗಮ್ಮನ ಬಾಯಿಗೆ ತುರುಕಿದಳು. ಕನಿಕರದಿಂದಲ್ಲ, ಸಾಕ್ಷಿ ಹೇಳುವವಳು ಬಿದ್ದುಹೋಗಬಾರದೆಂದು. ಆಮೇಲೆ ರಾಮಯ್ಯನ ಎದುರು ನಿಂತಳು. ಇಪ್ಪತ್ತೆರಡು ಮರಿಯ ಲೆಕ್ಕ ಅವಳ ಮುಖದಲ್ಲಿತ್ತು.

"ಹಿತ್ತಲು ನನ್ನದು ಅಂತ ಹೇಳು" ಎಂದಳು. "ಕೋಳಿ ಇರಲಿ, ಇಲ್ಲದೆ ಹೋಗಲಿ. ಎಲ್ಲರ ಮುಂದೆ ಹೇಳು. ಆಮೇಲೆ ಕಾಗೆ ಇಳಿಸ್ತೀನಿ. ಅಲ್ಲೀವರೆಗೂ ಊರು ಹಸ್ಕೊಂಡಿರಲಿ."

ಜನ ಈಗ ರಾಮಯ್ಯನ ಕಡೆ ತಿರುಗಿದರು. ಹಸಿದ ಜನ. "ಹೇಳಯ್ಯಾ, ಹೊತ್ತು ಮುಳುಗುತ್ತೆ." "ಮೀನು ಹಾಕುವಾಗ ಬಾಯಿ ಇತ್ತಲ್ಲ." ಭೀಮಪ್ಪ ಕೋಲಿನಿಂದ ನೆಲ ಕುಟ್ಟಿದ. ರಾಮಯ್ಯ ಹೇಳಿದ. ಕೇಳಿಸಲಿಲ್ಲವೆಂದಳು. ಇನ್ನೊಮ್ಮೆ ಹೇಳಿದ.

ಅವಳು ಗಳು ಕಿತ್ತು, ಕಾಗೆಯನ್ನು ಬಿಚ್ಚಿ, ನುಗ್ಗೆಮರದ ಬುಡದಲ್ಲಿ ಹೂತಳು. ಆದರೂ ಆ ದಿನ ಕಾಗೆ ಬರಲಿಲ್ಲ. ನಾಲ್ಕೂವರೆಗೆ ಭೀಮಪ್ಪನೇ ತನ್ನ ಹಸುವನ್ನು ಹಿಡಿದು ಮನೆಮನೆಗೆ ನಡೆಸಿದ, ಕಾಗೆಗೆ ಬದಲು ಎಡೆಯ ಅನ್ನವನ್ನು ಅದಕ್ಕೆ ಮುಟ್ಟಿಸಿ ಊರು ಊಟಕ್ಕೆ ಕೂತಿತು.

ನಾರಾಯಣಮ್ಮ ಅಲ್ಲಿ ಊಟಕ್ಕೆ ಕೂರಲಿಲ್ಲ. ಹಜಾರದ ಸ್ಟೂಲು ಹತ್ತಿ ಗೋಡೆಯ ಮೇಲಿದ್ದ ಪಿಳ್ಳಪ್ಪನ ಫೋಟೋ ಬಿಚ್ಚಿ ಕಂಕುಳಿಗಿಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಕೋಳಿಸಾರಿನ ಪಾತ್ರೆ ಎತ್ತಿದಳು.

"ಅವನು ನನಗೂ ಅಣ್ಣ. ಅದನ್ನೆಲ್ಲಿಗೆ ಒಯ್ತೀಯ?" ಎಂದ ರಾಮಯ್ಯ.

"ಅಣ್ಣನ ಹೆಂಡತಿ ಮೇಲೆ ಕಾಗೆ ಬಿಡುವಾಗ ಅಣ್ಣ ನೆನಪಿರಲಿಲ್ವಾ? ದಾರಿ ಬಿಡು."

ಮಾರನೆಯ ದಿನ ಅಮಾವಾಸ್ಯೆ ಕಳೆದಿತ್ತು. ಎರಡು ಹೇಟೆಯನ್ನು ಕಾವಿಗೆ ಕೂರಿಸಿದಳು, ಬಂದೂಕನ್ನು ಒರೆಸಿ ಬಾಗಿಲ ಹಿಂದೆ ನಿಲ್ಲಿಸಿದಳು. ರಾಮಯ್ಯ ನಡುಗೋಡೆಯನ್ನು ಆಳೆತ್ತರ ಏರಿಸಿ ಮೇಲೆ ಗಾಜಿನ ಚೂರು ನೆಟ್ಟ. ಆ ವರ್ಷದಿಂದ ಒಬ್ಬ ಪಿಳ್ಳಪ್ಪನಿಗೆ ಎರಡು ಮನೆಯಲ್ಲಿ ಎಡೆ. ರಾಮಯ್ಯನ ಮನೆಯಲ್ಲಿ ಫೋಟೋ ಇಲ್ಲದ ಬರೀ ಮಣೆಗೆ, ನಾರಾಯಣಮ್ಮನ ಕೋಣೆಯಲ್ಲಿ ಫೋಟೋಗೆ. ಅತ್ತಿಗೆ ಮೈದುನ ಮತ್ತೆ ಮಾತಾಡಲಿಲ್ಲ, ಬೈಗುಳ ಕೂಡ ನಿಂತುಹೋಯಿತು.